11 ವರ್ಷ ಸಂಸಾರ ಮಾಡಿದ ಮೇಲೆ ಮತ್ತೆ ಚರ್ಚಿನಲ್ಲಿ ಮದುವೆ ಆಗಬೇಕಾ?

ಕನಕಾಂಬರ, ಶಿಡ್ಲಘಟ್ಟ ಕಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಇದನ್ನು ಅಕ್ಕಪಕ್ಕದವರ ಹತ್ತಿರ ಕೇಳುವ ಹಾಗಿಲ್ಲ. ಅಮ್ಮನ ಹತ್ತಿರ ಮಾತು ತೆಗೆದರೆ ಅವರು ಅಳೋದಕ್ಕೆ ಶುರು ಮಾಡುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಕ್ಯಾಥೊಲಿಕ್ ಮನೆ. ಅಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿದ್ದರು, 2001ರಲ್ಲಿ ಗಣಿ ಮುಚ್ಚುವವರೆಗೂ. ಮನೆಯಲ್ಲಿ ತಮಿಳು, ಸ್ಕೂಲಿನಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಹೀಗೆ ಬೆಳೆದವಳು ನಾನು. ಭಾನುವಾರದ ಪೂಜೆ ತಪ್ಪಿಸಿದ್ದು ನೆನಪಿಲ್ಲ. ಓದು ಮುಗಿದ ಮೇಲೆ ಚಿಕ್ಕಬಳ್ಳಾಪುರಕ್ಕೆ ಕೆಲಸಕ್ಕೆ ಬಂದೆ, ಅಲ್ಲಿ ನಮ್ಮ ಯಜಮಾನರ ಪರಿಚಯ ಆಯಿತು. ಅವರದು ರೇಷ್ಮೆ ನೂಲು ತೆಗೆಯುವ ಮನೆತನ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್‌ನಲ್ಲಿ ಹರಾಜು ಕೂಗಿ ಗೂಡು ತಂದು ಮನೆ ಹಿಂದೆಯೇ ನೂಲು ಬಿಚ್ಚುತ್ತಾರೆ. ಹಿಂದೂಗಳು. ಎರಡೂ ಕಡೆ ಜಗಳ ಆಯಿತು. ಕೊನೆಗೆ ಅವರ ಅಮ್ಮ ಒಪ್ಪಿದರು, 2013ರಲ್ಲಿ ಅವರ ಊರಿನ ದೇವಸ್ಥಾನದಲ್ಲಿ ಮದುವೆ ನಡೆಯಿತು. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಿಂದೂ ಮದುವೆ ಅಂತ ರಿಜಿಸ್ಟರ್ ಆಯಿತು. ನಮ್ಮ ಅಪ್ಪ ಬರಲಿಲ್ಲ. ಮಗಳು ಹುಟ್ಟಿದ ಮೇಲೆ ಬಂದರು.

ಅತ್ತೆ ಬಗ್ಗೆ ಒಂದು ಮಾತು ಹೇಳಲೇಬೇಕು. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹಬ್ಬ ಬಂದರೆ ನನಗಿಂತ ಮೊದಲು ಅವರೇ ಎದ್ದು ಹೂವು ಕಟ್ಟುತ್ತಾರೆ, 'ನಿಮ್ಮಮ್ಮನಿಗೆ ಕೊಡು' ಅಂತ ಕಳಿಸುತ್ತಾರೆ. ಮಗಳಿಗೆ ಜ್ಞಾನಸ್ನಾನ, ಅಂದರೆ ನೀರು ಹಾಕಿ ಚರ್ಚಿಗೆ ಸೇರಿಸುವ ವಿಧಿ, ಮಾಡಿಸುವಾಗಲೂ ಆ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಚರ್ಚಿನ ಹೊರಗೆ ಮದುವೆ ಆದದ್ದರಿಂದ 11 ವರ್ಷದಿಂದ ನಾನು ಪರಮ ಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುವಿನ ಶರೀರ ಅಂತ ಕೊಡುವ ರೊಟ್ಟಿ, ತೆಗೆದುಕೊಂಡಿಲ್ಲ. ಪೂಜೆಗೆ ಹೋಗುತ್ತೇನೆ, ಎಲ್ಲರೂ ಎದ್ದು ಸಾಲಿಗೆ ಹೋದಾಗ ನಾನು ಬೆಂಚಿನಲ್ಲಿ ಕೂತಿರುತ್ತೇನೆ, ಪಕ್ಕದವರು ದಾಟಿ ಹೋಗಲಿ ಅಂತ ಕಾಲು ಮಡಚಿಕೊಳ್ಳುತ್ತೇನೆ. ಅಭ್ಯಾಸ ಆಗಿಬಿಟ್ಟಿದೆ ಅಂದುಕೊಂಡಿದ್ದೆ. ಮಗಳಿಗೆ ಈಗ 8 ವರ್ಷ, ಮುಂದಿನ ವರ್ಷ ಅವಳ ಪ್ರಥಮ ಪರಮ ಪ್ರಸಾದ. ಮೊನ್ನೆ ಕೇಳಿದಳು, 'ಅಮ್ಮ, ಆವತ್ತಾದರೂ ನನ್ನ ಜೊತೆ ಬರ್ತೀಯಾ?' ನನಗೆ ಬಾಯಿಂದ ಮಾತೇ ಬರಲಿಲ್ಲ.

ಫಾದರ್ ಹತ್ತಿರ ಹೋಗಿ ಎಲ್ಲಾ ಹೇಳಿದೆ. ತುಂಬಾ ಸಮಾಧಾನವಾಗಿ ಮಾತಾಡಿದರು. ದೇವಸ್ಥಾನದ ಮದುವೆಯನ್ನು ಚರ್ಚು ಮದುವೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಸರಿ ಮಾಡಿಸಿಕೊಳ್ಳಬಹುದು, ಇಬ್ಬರೂ ಬಂದು ಎರಡು ಸಾಕ್ಷಿಗಳ ಮುಂದೆ ಒಪ್ಪಿಗೆ ಹೇಳಿದರೆ ಸಾಕು, ಅವರು ಮತ ಬದಲಿಸಬೇಕಾಗಿಲ್ಲ ಅಂದರು. ಆದರೆ ಆಗಲೂ ಅದು ಪೂರ್ತಿ ಅರ್ಥದಲ್ಲಿ ಸಂಸ್ಕಾರ, ಅಂದರೆ ಜ್ಞಾನಸ್ನಾನದಂಥ ಪವಿತ್ರ ವಿಧಿ, ಅಲ್ಲ ಅಂದರು. ಅದು ನನಗೆ ಅರ್ಥ ಆಗಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಕೋಪ ಮಾಡಿಕೊಳ್ಳುವವರಲ್ಲ. ಸುಮ್ಮನೆ ಕೇಳಿದರು, 'ಸರಿ ಮಾಡಿಸಬೇಕು ಅಂದರೆ ಕೆಟ್ಟಿದ್ದು ಯಾವಾಗ? ಮಗಳಿಗೋಸ್ಕರ ಎಲ್ಲಿಗೆ ಬೇಕಾದರೂ ಬರುತ್ತೇನೆ, ಮೊಣಕಾಲೂರು ಅಂದರೆ ಊರುತ್ತೇನೆ. ಆದರೆ ನಿನ್ನನ್ನು ಇವತ್ತು ಹೆಂಡತಿಯಾಗಿ ಒಪ್ಪಿದೆ ಅಂತ ಮಾತ್ರ ಹೇಳಲಾರೆ. ನಾನು ಮಾತು ಕೊಟ್ಟಿದ್ದು ಒಂದೇ ಸಲ.'

ಅವರು ಹೇಳುವುದು ತಪ್ಪು ಅಂತ ನನಗೆ ಅನ್ನಿಸುತ್ತಿಲ್ಲ. ಚರ್ಚು ಹೇಳುವುದನ್ನೂ ಬಿಡಲಾರೆ. ಈ 11 ವರ್ಷ ನಾವು ಏನಾಗಿದ್ದೆವು? ಇದಕ್ಕೆ ಬೇರೆ ದಾರಿ ಇದೆಯಾ? ತಿಳಿದವರು ಹೇಳಿ. ಒಂದು ಕಡೆಯನ್ನು ಬೈದು ಮಾತ್ರ ಬರೆಯಬೇಡಿ.


ಹಳೇ ಉಪದೇಶಿ, ತುಮಕೂರು

ತಂಗೀ, ನಾನು 30 ವರ್ಷ ಮೇಷ್ಟ್ರಾಗಿದ್ದು, ಜೊತೆಗೆ ಚರ್ಚಿನಲ್ಲಿ ಮಕ್ಕಳಿಗೆ ಉಪದೇಶ ಪಾಠ ಮಾಡಿದವನು. ಮದುವೆಗೆ ಮುಂಚಿನ ತರಬೇತಿಯಲ್ಲೂ ಬಹಳ ಜೋಡಿಗಳ ಜೊತೆ ಕೂತಿದ್ದೇನೆ. ನಿಮ್ಮ ಯಜಮಾನರ ಮಾತು ಓದಿ ಎರಡು ನಿಮಿಷ ಸುಮ್ಮನೆ ಕೂತೆ. 'ನಾನು ಮಾತು ಕೊಟ್ಟಿದ್ದು ಒಂದೇ ಸಲ.' ತರಬೇತಿಗೆ ಬರುವ ಹುಡುಗರಿಗೆ ಮೂರು ದಿನ ನಾವು ಹೇಳಿಕೊಡಲು ಒದ್ದಾಡುವುದು ಇದನ್ನೇ ಅಲ್ವಾ?

ಬೇರೆ ದಾರಿ ಇದೆ. ಅದಕ್ಕೆ ಮೊದಲು ಸ್ವಲ್ಪ ಹಿನ್ನೆಲೆ ಬೇಕು.

ಬಹಳ ಜನ ಫಾದರ್ ಮದುವೆ ಮಾಡಿಸುತ್ತಾರೆ ಅಂದುಕೊಂಡಿದ್ದಾರೆ. ನಮ್ಮ ಲ್ಯಾಟಿನ್ ಪದ್ಧತಿಯಲ್ಲಿ ಹಾಗಲ್ಲ. ಜ್ಞಾನಸ್ನಾನ ಕೊಡುವವರು ಗುರುಗಳು, ಪಾಪನಿವೇದನೆ ಕೇಳುವವರು ಗುರುಗಳು. ಮದುವೆಯಲ್ಲಿ ಮಾತ್ರ ಸಂಸ್ಕಾರವನ್ನು ಕೊಡುವವರು ಗಂಡು ಹೆಣ್ಣೇ, ಒಬ್ಬರಿಗೊಬ್ಬರು ಕೊಡುತ್ತಾರೆ. ಗುರುಗಳು ಸಭೆಯ, ಅಂದರೆ ಚರ್ಚಿನ, ಪರವಾಗಿ ಆ ಒಪ್ಪಿಗೆಯನ್ನು ಕೇಳಿ, ಸ್ವೀಕರಿಸಿ, ಆಶೀರ್ವಾದ ಮಾಡುತ್ತಾರೆ. ಮದುವೆ ಆಗುವುದು ಇಬ್ಬರ ಒಪ್ಪಿಗೆಯಿಂದ, ಆ ಒಪ್ಪಿಗೆಯನ್ನು ಅವರ ಬದಲು ಯಾವ ಮನುಷ್ಯ ಶಕ್ತಿಯೂ ಕೊಡಲಾರದು ಅಂತ ಚರ್ಚಿನ ಕಾನೂನು ಪುಸ್ತಕದಲ್ಲೇ ಇದೆ. 1983ರ ಪುಸ್ತಕ, 1057ನೇ ವಿಧಿ.

ಹಾಗಿದ್ದ ಮೇಲೆ ಗುರುಗಳು, ಇಬ್ಬರು ಸಾಕ್ಷಿಗಳು ಯಾಕೆ ಬೇಕು ಅಂತ ಕೇಳುತ್ತೀರಿ. ಇದರ ಹಿಂದೆ ಒಂದು ನೋವಿನ ಕಥೆ ಇದೆ. ಹಿಂದೆ ಯೂರೋಪಿನಲ್ಲಿ ಗಂಡು ಹೆಣ್ಣು ಯಾರೂ ಇಲ್ಲದ ಕಡೆ ಒಬ್ಬರಿಗೊಬ್ಬರು ಮಾತು ಕೊಟ್ಟರೂ ಅದು ಮದುವೆಯೇ ಆಗುತ್ತಿತ್ತು. ಕದ್ದು ಮದುವೆ. ಆಮೇಲೆ ಕೆಲವರು 'ನಾನು ಮಾತೇ ಕೊಟ್ಟಿಲ್ಲ' ಅಂತ ಕೈಬಿಟ್ಟು ಇನ್ನೊಬ್ಬಳನ್ನು ಎಲ್ಲರ ಮುಂದೆ ಮದುವೆ ಆಗುತ್ತಿದ್ದರು. ಮೊದಲನೆಯವಳ ಹತ್ತಿರ ಸಾಕ್ಷಿ ಇರುತ್ತಿರಲಿಲ್ಲ. ಇದನ್ನು ನಿಲ್ಲಿಸಲು 1563ರಲ್ಲಿ ಟ್ರೆಂಟ್‌ನಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆ ಒಂದು ಕಟ್ಟಳೆ ಮಾಡಿತು: ಧರ್ಮಕೇಂದ್ರದ, ಅಂದರೆ ಆ ಊರಿನ ಚರ್ಚಿನ, ಗುರುಗಳ ಮುಂದೆ, ಕನಿಷ್ಠ ಇಬ್ಬರು ಸಾಕ್ಷಿಗಳ ಮುಂದೆ ಕೊಟ್ಟ ಮಾತು ಮಾತ್ರ ಮದುವೆ. ಮೂರು ಹಬ್ಬದ ದಿನ ಪೂಜೆಯಲ್ಲಿ ಮದುವೆಯ ಪ್ರಕಟಣೆ ಓದಬೇಕು ಅಂತಲೂ ಆಗಲೇ ಗಟ್ಟಿ ಆಯಿತು. ಹೆಣ್ಣುಮಕ್ಕಳು ಬೀದಿಗೆ ಬೀಳಬಾರದು ಅನ್ನುವುದು ಈ ನಿಯಮದ ಹೊಟ್ಟೆಯಲ್ಲಿದೆ. ಅದಕ್ಕೇ ಚರ್ಚು ಇದನ್ನು ಸುಲಭವಾಗಿ ಬಿಡುವುದಿಲ್ಲ.

ನಿಮ್ಮ ವಿಷಯದಲ್ಲಿ ಎರಡು ತೊಡಕು ಇವೆ. ಒಂದು, ಈ ಕ್ರಮದಲ್ಲಿ ಮದುವೆ ನಡೆಯಲಿಲ್ಲ. ಎರಡು, ಜ್ಞಾನಸ್ನಾನ ಇಲ್ಲದವರನ್ನು ಕ್ಯಾಥೊಲಿಕ್ ಮದುವೆ ಆಗಬೇಕಾದರೆ ಮೊದಲೇ ವಿನಾಯಿತಿ ಪಡೆಯಬೇಕಿತ್ತು. ಚರ್ಚು 'ಇನ್ನೂ ಆಗಿಲ್ಲ' ಅನ್ನುವುದು ಈ ಅರ್ಥದಲ್ಲಿ. ನಿಮ್ಮಿಬ್ಬರ ಒಪ್ಪಿಗೆಯೇ ಸುಳ್ಳು ಅಂತ ಯಾರೂ ಹೇಳುತ್ತಿಲ್ಲ.

ಫಾದರ್ ಹೇಳಿದ್ದು ಸಾಮಾನ್ಯ ದಾರಿ, ಒಪ್ಪಿಗೆಯನ್ನು ಹೊಸದಾಗಿ ಹೇಳುವುದು. ಇನ್ನೊಂದು ದಾರಿಗೆ ಲ್ಯಾಟಿನ್‌ನಲ್ಲಿ ಸನಾತ್ಸಿಯೊ ಇನ್ ರಾದಿಚೆ ಅನ್ನುತ್ತಾರೆ. ಬೇರಿನಲ್ಲೇ ವಾಸಿ ಮಾಡುವುದು ಅಂತ ಅರ್ಥ. ಇದರಲ್ಲಿ ಒಪ್ಪಿಗೆಯನ್ನು ಮತ್ತೆ ಹೇಳುವ ಹಾಗೇ ಇಲ್ಲ. 2013ರಲ್ಲಿ ನೀವು ಕೊಟ್ಟ ಮಾತು ಇವತ್ತಿಗೂ ಇಬ್ಬರಲ್ಲೂ ಉಳಿದಿದೆ ಅನ್ನುವುದೇ ಇದಕ್ಕೆ ಆಧಾರ. ಆ ಮಾತನ್ನು ಎತ್ತಿ ಹಿಡಿದು, ತಪ್ಪಿದ್ದ ಕ್ರಮ, ಸಿಗದಿದ್ದ ವಿನಾಯಿತಿ ಎರಡನ್ನೂ ಧರ್ಮಾಧ್ಯಕ್ಷರು, ಅಂದರೆ ಬಿಷಪ್, ತುಂಬಿಕೊಡುತ್ತಾರೆ. ಫಲ ಹಿಂದಕ್ಕೆ ಹೋಗುತ್ತದೆ, ಅಂದರೆ ಮದುವೆ ಆದ ದಿನದಿಂದಲೇ. ವಿಧಿ 1161ರಿಂದ 1165ರವರೆಗೆ ಇದೆ, ಫಾದರ್‌ಗೆ ನಂಬರ್ ಹೇಳಿ. ನಮ್ಮ ತುಮಕೂರು, ನಿಮ್ಮ ಚಿಕ್ಕಬಳ್ಳಾಪುರ, ಕೋಲಾರ ಎಲ್ಲಾ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೇ ಸೇರಿದವು, ಹಾಗಾಗಿ ಅರ್ಜಿ ನಿಮ್ಮ ಫಾದರ್ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಕೊಡುವುದು ಬಿಡುವುದು ಮಹಾಧರ್ಮಾಧ್ಯಕ್ಷರ ತೀರ್ಮಾನ, ನಾನು ಖಾತ್ರಿ ಕೊಡಲಾರೆ. ಆದರೆ ನಿಮ್ಮ ಯಜಮಾನರು ಹೇಳಿದಂಥ ಕಾರಣಕ್ಕೇ ಈ ದಾರಿ ಇರುವುದು.

ಇನ್ನು 'ಸಂಸ್ಕಾರ ಅಲ್ಲ' ಅಂದ ಮಾತು. ಇಬ್ಬರಿಗೂ ಜ್ಞಾನಸ್ನಾನ ಆಗಿದ್ದರೆ ಅವರ ಮದುವೆ ಸಂಸ್ಕಾರ, ಯಾಕೆಂದರೆ ಕ್ರಿಸ್ತರಿಗೂ ಸಭೆಗೂ ಇರುವ ಸಂಬಂಧದ ಗುರುತು ಅದು, ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ನೋಡಿ. ಒಬ್ಬರಿಗೆ ಮಾತ್ರ ಆಗಿದ್ದರೆ ಅದು ನಿಜವಾದ ಮದುವೆ, ದೇವರ ಮುಂದೆ ಒಳ್ಳೆಯ ಮದುವೆ, ಒಬ್ಬರಿಗೊಬ್ಬರೇ, ಕೊನೆವರೆಗೂ ಅನ್ನುವ ಕಟ್ಟು ಅದಕ್ಕೂ ಇದೆ, ಆದರೆ ಆ ಹೆಸರು ಅದಕ್ಕಿಲ್ಲ. ಇದನ್ನು ಕೇಳಿ ನೋಯಬೇಡಿ. ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ, ನಂಬಿಕೆಗೆ ಬಾರದ ಗಂಡನೂ ಹೆಂಡತಿಯಿಂದ ಪವಿತ್ರನಾಗುತ್ತಾನೆ ಅನ್ನುತ್ತಾರೆ. ನಿಮ್ಮ ಅತ್ತೆ ಕಟ್ಟುವ ಹೂವಿನ ವಿಷಯ ಓದಿದಾಗ ನನಗೆ ಆ ಸಾಲೇ ನೆನಪಾಯಿತು.

ತಾಳಿ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರಬಹುದು. ನಮ್ಮ ಕ್ಯಾಥೊಲಿಕರಲ್ಲೇ ತಾಳಿ ಕಟ್ಟುವುದು ಬಹಳ ಹಳೆಯದು. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೊನ್ ಪಾಂಡಿಚೇರಿಯಲ್ಲಿ ಕಟ್ಟಪ್ಪಣೆ ಹೊರಡಿಸಿದಾಗಲೂ ಪಿಳ್ಳೆಯಾರ್ (ಗಣಪತಿ) ಗುರುತಿನ ತಾಳಿ ಬೇಡ ಅಂದರು, ಶಿಲುಬೆ ಅಥವಾ ಮಾತೆಯ ಗುರುತು ಇದ್ದರೆ ಆಗಬಹುದು ಅಂದರು. ತಾಳಿ ಉಳಿಯಿತು. ನಿಮ್ಮದನ್ನು ತೆಗೆಯಿರಿ ಅಂತ ಈಗ ಯಾರೂ ಹೇಳುವುದಿಲ್ಲ.


ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಅಕ್ಕಾ, ನಾನು ನಿಮ್ಮ ಯಜಮಾನರ ಜಾಗದಲ್ಲಿ ಇದ್ದವನು. ನಾನು ಒಕ್ಕಲಿಗ, ಹೆಂಡತಿ ಕ್ಯಾಥೊಲಿಕ್. ನಾವು ಮೊದಲೇ ಅನುಮತಿ ತಗೊಂಡು ಚರ್ಚಿನಲ್ಲಿ ಆದವರು. ಅಲ್ಲಿ ನನಗೆ ಒಂದೇ ವಿಷಯ ಚುಚ್ಚಿತ್ತು, ಮಕ್ಕಳ ವಿಷಯ. ಹುಟ್ಟುವ ಮಕ್ಕಳನ್ನೆಲ್ಲ ಅವರ ನಂಬಿಕೆಯಲ್ಲಿ ಬೆಳೆಸಬೇಕು ಅಂತ ಬರೆಸಿಕೊಳ್ಳುತ್ತಾರೆ ಅಂತ ನಮ್ಮ ಚಿಕ್ಕಪ್ಪ ಹೇಳಿ ನನ್ನ ತಲೆ ಕೆಡಿಸಿದ್ದರು. ಹಂಗಾದರೆ ನಮ್ಮ ಮನೆ ದೇವರು, ನಮ್ಮ ತಾತನ ಹೆಸರು ಇದೆಲ್ಲಾ ಏನಾಗಬೇಕು ಅಂತ ರಾತ್ರಿಯೆಲ್ಲಾ ನಿದ್ದೆ ಇರಲಿಲ್ಲ.

ಹೋಗಿ ನೋಡಿದರೆ ಸಹಿ ಕೇಳಿದ್ದು ನನ್ನನ್ನಲ್ಲ. ಅವಳನ್ನು. ತನ್ನ ನಂಬಿಕೆ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ ಅದರಲ್ಲಿ ಬೆಳೆಸಲು ತನ್ನ ಕೈಲಾದದ್ದನ್ನೆಲ್ಲಾ ಮಾಡುತ್ತೇನೆ ಅಂತ ಅವಳ ಮಾತು. ನನಗೆ ಅದನ್ನು ಓದಿ ಹೇಳಿದರು, ಅಷ್ಟೇ. ಫಾದರ್ ಹೇಳಿದರು, 1970ಕ್ಕೆ ಮುಂಚೆ ಇಬ್ಬರೂ ಮಾತು ಕೊಡಬೇಕಿತ್ತಂತೆ, ಆ ವರ್ಷ ಆರನೇ ಪೌಲ್ ಪೋಪರು ಅದನ್ನು ಬದಲಿಸಿದರಂತೆ.

ಸುಳ್ಳು ಹೇಳಲ್ಲ, ಈಗಲೂ ಅದು ನನಗೆ ಪೂರ್ತಿ ಹಿಡಿಸಿಲ್ಲ. ಅವಳ ಕೈಲಾದದ್ದು ಎಷ್ಟು, ನನ್ನ ಕೈಲಾದದ್ದು ಎಷ್ಟು ಅಂತ ನಾವು ಈಗಲೂ ಮಾತಾಡುತ್ತಾ ಇರುತ್ತೇವೆ, ಒಂದೊಂದು ಸಲ ಮಾತು ಜಾಸ್ತಿಯೂ ಆಗುತ್ತದೆ. ಮಗ ಭಾನುವಾರ ಚರ್ಚಿಗೆ ಹೋಗುತ್ತಾನೆ, ಶಿವರಾತ್ರಿಗೆ ನನ್ನ ಜೊತೆ ನಂದಿಗೆ ಬಂದು ಭೋಗನಂದೀಶ್ವರನ ತೇರು ನೋಡುತ್ತಾನೆ. ಒಂದು ಸಲಹೆ: ನಿಮ್ಮ ಯಜಮಾನರನ್ನು ಫಾದರ್ ಹತ್ತಿರ ಒಬ್ಬರನ್ನೇ ಕಳಿಸಿ. ನೀವು ಪಕ್ಕದಲ್ಲಿದ್ದರೆ ಅವರು ನಿಮಗೋಸ್ಕರ ತಲೆ ಆಡಿಸಿ ಬಂದುಬಿಡುತ್ತಾರೆ. ಕೇಳಬೇಕಾದ್ದು ಒಳಗೇ ಉಳಿದುಹೋಗುತ್ತದೆ. ನನಗೆ ಹಾಗೇ ಆಯಿತು.


ಕರಿ ಕೋಟು, ಕೋಲಾರ

ನಾನು ಕೋಲಾರದಲ್ಲಿ ವಕೀಲಿ ಮಾಡುತ್ತೇನೆ. ಎಲ್ಲರೂ ಚರ್ಚಿನ ಮಾತೇ ಆಡುತ್ತಿದ್ದೀರಿ, ಇನ್ನೊಂದು ವಿಷಯ ಯಾರ ಕಣ್ಣಿಗೂ ಬಿದ್ದಿಲ್ಲ. ಮೇಡಂ, ಹೆದರಿಸಬೇಕು ಅಂತ ಅಲ್ಲ, ಆದರೆ ಇದು ಮೊದಲು ನೋಡಬೇಕಾದ್ದು.

ನಿಮ್ಮ ಮದುವೆ ರಿಜಿಸ್ಟರ್ ಆಗಿರುವುದು 1955ರ ಹಿಂದೂ ವಿವಾಹ ಕಾಯ್ದೆ ಕೆಳಗೆ. ಆ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಅನ್ವಯ ಆಗುತ್ತದೆ, ಅದರಲ್ಲಿ ಬೌದ್ಧ, ಜೈನ, ಸಿಖ್ಖರೂ ಬರುತ್ತಾರೆ, ಕ್ರೈಸ್ತರು ಬರುವುದಿಲ್ಲ. 2008ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಆಂಧ್ರದ ಒಂದು ಕೇಸು ತೀರ್ಮಾನ ಆಯಿತು. ಹುಡುಗ ರೋಮನ್ ಕ್ಯಾಥೊಲಿಕ್, ಹುಡುಗಿ ಹಿಂದೂ, 1996ರಲ್ಲಿ ದೇವಸ್ಥಾನದಲ್ಲಿ ತಾಳಿ ಕಟ್ಟಿ ಮದುವೆ, ಆಮೇಲೆ ಹಿಂದೂ ಕಾಯ್ದೆ ಕೆಳಗೆ ರಿಜಿಸ್ಟ್ರೇಷನ್. ನಿಮ್ಮದನ್ನು ತಿರುಗಿಸಿ ಇಟ್ಟ ಹಾಗೆ. ಆ ಮದುವೆ ಆ ಕಾಯ್ದೆಯಲ್ಲಿ ನಿಲ್ಲುವುದಿಲ್ಲ ಅಂತ ಕೋರ್ಟ್ ಹೇಳಿತು.

ನೀವು ಮತ ಬದಲಿಸಿಲ್ಲ, ಮಗಳಿಗೆ ಜ್ಞಾನಸ್ನಾನ ಬೇರೆ ಆಗಿದೆ. ಹಾಗಾಗಿ ನಾಳೆ ಆಸ್ತಿ ಪಾಲು, ಪಿಂಚಣಿ, ವಿಮೆ ಅಂತ ಯಾರಾದರೂ ತಕರಾರು ತೆಗೆದರೆ ನಿಮ್ಮ ಹತ್ತಿರ ಇರುವ ಸರ್ಟಿಫಿಕೇಟ್ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಚರ್ಚಿನಲ್ಲಿ ಬೇರಿನಿಂದ ವಾಸಿ ಮಾಡಿದರೂ ಸರ್ಕಾರದ ಲೆಕ್ಕದಲ್ಲಿ ಅದರಿಂದ ಏನೂ ಬದಲಾಗುವುದಿಲ್ಲ.

ಸರ್ಕಾರದ ಕಡೆಯೂ ದಾರಿ ಇದೆ. 1954ರ ವಿಶೇಷ ವಿವಾಹ ಕಾಯ್ದೆಯ 15ನೇ ಸೆಕ್ಷನ್. ಬೇರೆ ಯಾವುದೇ ಪದ್ಧತಿಯಲ್ಲಿ ಮದುವೆ ಆಗಿ, ಅವತ್ತಿನಿಂದ ಗಂಡ ಹೆಂಡತಿಯಾಗಿ ಬಾಳುತ್ತಿರುವವರು ಅದರ ಕೆಳಗೆ ರಿಜಿಸ್ಟರ್ ಮಾಡಿಸಿಕೊಳ್ಳಬಹುದು. ಅರ್ಜಿಗೆ ಮುಂಚೆ 30 ದಿನ ಆ ಜಿಲ್ಲೆಯಲ್ಲಿ ವಾಸ ಇರಬೇಕು, ಆಮೇಲೆ ಆಕ್ಷೇಪಣೆಗೆ 30 ದಿನದ ನೋಟಿಸ್ ಹಾಕುತ್ತಾರೆ. ಇದರಲ್ಲೂ ನೀವು ಹೊಸದಾಗಿ ಮದುವೆ ಆಗುವುದಿಲ್ಲ. ಮೊದಲ ಶಾಸ್ತ್ರ ನಡೆದ ದಿನದ ಮೇಲೆ ಹುಟ್ಟಿದ ಮಕ್ಕಳೆಲ್ಲಾ ಎಲ್ಲಾ ರೀತಿಯಲ್ಲೂ ಕಾನೂನುಬದ್ಧ ಮಕ್ಕಳು ಅಂತ 18ನೇ ಸೆಕ್ಷನ್ ಹೇಳುತ್ತದೆ, ಅವರ ಹೆಸರನ್ನೂ ಪುಸ್ತಕದಲ್ಲಿ ಬರೆಯುತ್ತಾರೆ. ಮಗಳ ಹೆಸರು ಬರೆಸುವುದನ್ನು ಮರೆಯಬೇಡಿ. ಹತ್ತಿರದ ಒಬ್ಬ ವಕೀಲರಿಗೆ ಕಾಗದ ತೋರಿಸಿ, ಅವರ ಜೊತೆಯೇ ಆಫೀಸಿಗೆ ಹೋಗಿ.


ಚಾಂಪಿಯನ್ ಲೈನ್ಸ್, ಕೆಜಿಎಫ್

ಅಕ್ಕಾ, ನಮ್ಮೂರವರು ಅಂತ ಬರೆಯುತ್ತಿದ್ದೇನೆ. ಎಲ್ಲರೂ ಒಳ್ಳೆಯ ದಾರಿ ತೋರಿಸಿದ್ದಾರೆ. ನಾನು ಒಂದೇ ಒಂದು ಮಾತು ಹೇಳಬೇಕು, ತಪ್ಪು ತಿಳಿಯಬೇಡಿ. ಸರಿ ಮಾಡಿಸಿಕೊಳ್ಳುವ ಮುಂಚೆ ಅದು ಎಷ್ಟು ಬಿಗಿ ಅಂತ ಇಬ್ಬರೂ ತಿಳಿದುಕೊಳ್ಳಿ.

ನನ್ನ ಅಕ್ಕ ಕ್ಯಾಥೊಲಿಕ್ ಹುಡುಗನನ್ನೇ ಚರ್ಚಿನಲ್ಲಿ ಮದುವೆ ಆದಳು. ಮೂರು ವರ್ಷಕ್ಕೆ ಅವನು ಬಿಟ್ಟುಹೋದ. ಕೋರ್ಟಿನಲ್ಲಿ ಡೈವೋರ್ಸ್ ಸಿಕ್ಕಿತು. ಆದರೆ ಚರ್ಚಿನ ಲೆಕ್ಕದಲ್ಲಿ ಅವಳು ಇನ್ನೂ ಅವನ ಹೆಂಡತಿ. ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು ಅನ್ನುವ ಮಾತು ಮದುವೆ ದಿನ ಕೇಳಲು ಎಷ್ಟು ಚೆನ್ನಾಗಿರುತ್ತೆ, ಆಮೇಲೆ ಒಬ್ಬಳೇ ಹೊತ್ತುಕೊಂಡಾಗ ಅದು ಬೇರೆ. ಚರ್ಚಿನ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದಾಳೆ. ಅವರು ಡೈವೋರ್ಸ್ ಕೊಡುವುದಿಲ್ಲ. ಶುರುವಿನಲ್ಲೇ ಒಪ್ಪಿಗೆಯಲ್ಲಿ ದೊಡ್ಡ ದೋಷ ಇತ್ತಾ, ಇದು ಮೊದಲಿಂದಲೇ ಮದುವೆ ಆಗಿರಲಿಲ್ವಾ ಅಂತ ವಿಚಾರಣೆ ಮಾಡುತ್ತಾರೆ. ಹಿಂದೆ ಒಂದು ಕಡೆ ತೀರ್ಪು ಬಂದರೆ ಎರಡನೇ ನ್ಯಾಯಮಂಡಳಿಯೂ ಒಪ್ಪಬೇಕಿತ್ತು, 2015ರಲ್ಲಿ ಫ್ರಾನ್ಸಿಸ್ ಪೋಪರು ಆ ಎರಡನೇ ಸುತ್ತು ತೆಗೆದರು. ಆ ತೀರ್ಪು ಬಂದರೂ ಅದು ಚರ್ಚಿನ ಒಳಗೆ ಮಾತ್ರ. ಸರ್ಕಾರದ ಕೋರ್ಟಿನ ಡೈವೋರ್ಸ್ ಬದಲು ಅದು ಆಗುವುದಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ.

ನಿಮ್ಮ ಮನೆಯವರು ಅಂಥವರಲ್ಲ ಅಂತ ಓದಿದರೆ ಗೊತ್ತಾಗುತ್ತೆ. ಆದರೂ ಹೇಳಬೇಕು ಅನ್ನಿಸಿತು. ನನ್ನ ಅಕ್ಕ ಇವತ್ತಿಗೂ ಪ್ರತಿ ಭಾನುವಾರ ಪರಮ ಪ್ರಸಾದ ತೆಗೆದುಕೊಳ್ಳುತ್ತಾಳೆ. ಡೈವೋರ್ಸ್ ಆದರೆ ಕೊಡುವುದಿಲ್ಲ ಅಂತ ಊರವರು ಹೇಳುತ್ತಿದ್ದರು, ಫಾದರ್ ಹಾಗೇನಿಲ್ಲ ಅಂದರು. ಇನ್ನೊಂದು ಮದುವೆ ಆಗದೆ ಇರುವವರಿಗೆ ಬರೀ ಡೈವೋರ್ಸ್ ಅನ್ನುವ ಕಾರಣಕ್ಕೆ ಅಡ್ಡಿ ಇಲ್ಲ. ಇದನ್ನು ಓದುವ ಬೇರೆ ಯಾರಿಗಾದರೂ ಉಪಯೋಗ ಆಗಲಿ ಅಂತ ಬರೆದೆ.


ಕನಕಾಂಬರ, ಶಿಡ್ಲಘಟ್ಟ ಕಡೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಚಾಂಪಿಯನ್ ಲೈನ್ಸ್ ತಮ್ಮಾ, ನಿನ್ನ ಅಕ್ಕನಿಗೋಸ್ಕರ ಇವತ್ತು ಜಪಸರ ಹೇಳುತ್ತೇನೆ. ತಪ್ಪು ತಿಳಿಯುವುದು ಏನೂ ಇಲ್ಲ.

ವಕೀಲರು ಬರೆದದ್ದು ಓದಿ ಕೈಕಾಲು ತಣ್ಣಗಾಯಿತು. ಇಷ್ಟು ದಿನ ಚರ್ಚಿನಲ್ಲಿ ಇಲ್ಲದಿದ್ದರೂ ಸರ್ಕಾರದಲ್ಲಾದರೂ ಗಟ್ಟಿ ಇದೆ ಅಂದುಕೊಂಡಿದ್ದೆ. ಯಜಮಾನರಿಗೆ ಫೋನಿನಲ್ಲೇ ಎಲ್ಲರ ಉತ್ತರ ಓದಿಸಿದೆ. ನೂಲಿನ ಕೆಲಸ ನಿಲ್ಲಿಸಿ ಕೂತು ಓದಿದರು. ಮೇಷ್ಟ್ರು ಬರೆದ 'ಒಪ್ಪಿಗೆಯನ್ನು ಮತ್ತೆ ಹೇಳುವ ಹಾಗೇ ಇಲ್ಲ' ಅನ್ನುವ ಸಾಲನ್ನು ಎರಡು ಸಲ ಓದಿದರು. ಆಮೇಲೆ 'ಇದನ್ನು ಮೊದಲೇ ಹೇಳಬಾರದಿತ್ತಾ' ಅಂದರು, ಅಷ್ಟೇ.

ಮೇಷ್ಟ್ರೇ, ಇನ್ನು ಎರಡು ಪ್ರಶ್ನೆ. ಏನೇನು ಕಾಗದ ಬೇಕು? ಅದು ಸಿಕ್ಕ ದಿನವೇ ನಾನು ಪರಮ ಪ್ರಸಾದ ತೆಗೆದುಕೊಳ್ಳಬಹುದಾ?


ಹಳೇ ಉಪದೇಶಿ, ತುಮಕೂರು

ಮೊದಲು ಕೆಜಿಎಫ್‌ಗೆ ಹೋಗಿ ನಿಮ್ಮ ಜ್ಞಾನಸ್ನಾನ ಪತ್ರ ಹೊಸದಾಗಿ ತೆಗೆಸಿಕೊಳ್ಳಿ. ಮನೆಯಲ್ಲಿರುವ ಹಳೇ ಪತ್ರ ಆಗುವುದಿಲ್ಲ. ಕಾರಣ ಇದೆ. ಒಬ್ಬ ಕ್ಯಾಥೊಲಿಕ್ ಎಲ್ಲೇ ಮದುವೆ ಆದರೂ ಆ ಸುದ್ದಿ ಅವರಿಗೆ ಜ್ಞಾನಸ್ನಾನ ಆದ ಚರ್ಚಿಗೆ ಹೋಗುತ್ತದೆ, ಅಲ್ಲಿನ ಪುಸ್ತಕದಲ್ಲಿ ಅವರ ಹೆಸರಿನ ಜೊತೆಗೇ ಬರೆಯುತ್ತಾರೆ. ಹಾಗಾಗಿ ಹೊಸ ಪ್ರತಿ ನೋಡಿದರೆ ಬೇರೆ ಕಡೆ ಮದುವೆ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಿಮ್ಮ ಈ ಮದುವೆಯೂ ಕೊನೆಗೆ ಅಲ್ಲಿಗೇ ಹೋಗಿ ಸೇರುತ್ತದೆ.

ಮದುವೆ ಆದದ್ದಕ್ಕೆ ಏನಾದರೂ ದಾಖಲೆ, ರಿಜಿಸ್ಟರ್ ಪತ್ರ, ಲಗ್ನಪತ್ರಿಕೆ ಇದ್ದರೆ ಅದು. ಮಗಳ ವಿಷಯದ ಮಾತಿಗೆ ನಿಮ್ಮ ಸಹಿ, ಅದು ನಂದಿ ತಪ್ಪಲಿನ ಅಣ್ಣ ಬರೆದ ಹಾಗೇ. ಉಳಿದದ್ದು ಫಾದರ್ ಹೇಳುತ್ತಾರೆ.

ಎರಡನೆಯದಕ್ಕೆ: ಆದೇಶ ಬಂದ ಮೇಲೆ ಪಾಪನಿವೇದನೆ ಮಾಡಿ, ಮಾಡಿದ ಮೇಲೆ ಹೋಗಬಹುದು. ಮಗಳ ದಿನದವರೆಗೆ ಕಾಯಬೇಕು ಅಂತಿಲ್ಲ, ಕಾಯುತ್ತೇನೆ ಅಂದರೆ ಅದೂ ನಿಮ್ಮ ಇಷ್ಟ.


ಕನಕಾಂಬರ, ಶಿಡ್ಲಘಟ್ಟ ಕಡೆ

ಎರಡು ವಾರ ಆಯಿತು, ಆದದ್ದನ್ನು ಬರೆಯುತ್ತೇನೆ.

ಯಜಮಾನರು ಒಬ್ಬರೇ ಫಾದರ್ ಹತ್ತಿರ ಹೋಗಿ ಬಂದರು. ಒಂದು ಗಂಟೆಗೂ ಜಾಸ್ತಿ ಕೂತಿದ್ದರು. ಏನು ಮಾತಾಡಿದಿರಿ ಅಂತ ನಾನು ಕೇಳಲಿಲ್ಲ. ಫಾದರ್ ನನಗೆ ಆಮೇಲೆ ಹೇಳಿದರು, 'ಅಮ್ಮಾ, ನಿಮ್ಮ ಮನೆಯವರು ಹೇಳುವುದು ನ್ಯಾಯವಾಗಿದೆ, ಬೇರಿನಿಂದ ಸರಿಪಡಿಸಲು ಬರೆಯೋಣ.' ವಿಶೇಷ ವಿವಾಹ ಕಾಯ್ದೆಯ ಅರ್ಜಿಗೂ ವಕೀಲರೊಬ್ಬರನ್ನು ನೋಡಿದ್ದೇವೆ, ಅವರು ಅದೇ 15ನೇ ಸೆಕ್ಷನ್ ಹೇಳಿದರು.

ಹೋದ ಶನಿವಾರ ಮೂವರೂ ಕೆಜಿಎಫ್‌ಗೆ ಹೋದೆವು. ಚರ್ಚಿನ ಆಫೀಸಿನಲ್ಲಿ ದೊಡ್ಡ ಪುಸ್ತಕ ತೆಗೆದು ನನ್ನ ಹೆಸರು ಹುಡುಕಿದರು. ಅಪ್ಪನ ಹೆಸರು, ಅಮ್ಮನ ಹೆಸರು, ನನಗೆ ಜ್ಞಾನಸ್ನಾನದ ಮಾತಾಪಿತರಾಗಿ ನಿಂತವರ ಹೆಸರು. ಅವರಿಬ್ಬರೂ ಈಗಿಲ್ಲ. ಮೇಲೆ ಕೆಳಗೆ ಇರುವ ಹೆಸರುಗಳ ಪಕ್ಕದಲ್ಲೆಲ್ಲಾ ಬೇರೆ ಬೇರೆ ಇಂಕಿನಲ್ಲಿ ಮದುವೆ ಆದದ್ದು ಬರೆದಿದೆ. ನನ್ನ ಹೆಸರಿನ ಪಕ್ಕ ಖಾಲಿ ಇತ್ತು. ಮಗಳು ಅಲ್ಲಿ ಬೆರಳಿಟ್ಟು, 'ಇಲ್ಲಿ ಅಪ್ಪನ ಹೆಸರು ಬರೀತಾರಾ?' ಅಂದಳು. ಆಫೀಸಿನವರು 'ಬರೀತೀವಿ ಪುಟ್ಟಿ, ಬೆಂಗಳೂರಿಂದ ಕಾಗದ ಬರಲಿ' ಅಂದರು. ನಮ್ಮ ಅಪ್ಪ ಬಾಗಿಲ ಹತ್ತಿರ ನಿಂತಿದ್ದರು. ಒಳಗೆ ಬಂದು ಅಳಿಯನ ಹೆಗಲ ಮೇಲೆ ಕೈ ಇಟ್ಟರು.

ನಿನ್ನೆ ರಾತ್ರಿ ಅರ್ಜಿ ತುಂಬಿದೆವು. ಮದುವೆ ಆದ ದಿನಾಂಕ, ಸ್ಥಳ ಅಂತ ಒಂದು ಕಡೆ ಬರೆಯಬೇಕಿತ್ತು. ನಾನು ಪೆನ್ನು ತಗೊಂಡೆ. ಅವರು 'ಇರು' ಅಂತ ಎದ್ದು ಹೋಗಿ, ಅತ್ತೆಯ ಟ್ರಂಕಿನಿಂದ ನಮ್ಮ ಲಗ್ನಪತ್ರಿಕೆ ಹುಡುಕಿ ತಂದು, ಅದನ್ನು ಪಕ್ಕದಲ್ಲಿಟ್ಟುಕೊಂಡು ತಾವೇ ತುಂಬಿದರು. ದಿನಾಂಕ ಬರೆದರು, ಊರು ಬರೆದರು, ದೇವಸ್ಥಾನದ ಹೆಸರು ಬರೆದರು. ಮುಹೂರ್ತದ ಗಂಟೆ ಯಾರೂ ಕೇಳಿರಲಿಲ್ಲ, ಅದನ್ನೂ ಬರೆದರು.